ಕಣ್ಣಿನ ಸಂಶೋಧನೆಗೆ ಕೋತಿ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಣ್ಣಿನ ಡಾಕ್ಟರ್ ಅಲ್ಲ, ಕನ್ನಡಕದ ನಂಬರ್ ನೋಡುವ ಆಪ್ಟೋಮೆಟ್ರಿಸ್ಟ್. ಶಾಲೆ, ಸಂಘ, ಕಣ್ಣಿನ ಶಿಬಿರ ಅಂತ ಮಾತಾಡಲು ಹೋಗುತ್ತಿರುತ್ತೇನೆ. ಹೊಸ ಚಿಕಿತ್ಸೆಗಳ ಕಥೆ ಹೇಳುವಾಗ ಎಲ್ಲೋ ಒಂದು ಕಡೆ ಕೋತಿ ಬಂದೇ ಬರುತ್ತದೆ. ಅಲ್ಲಿವರೆಗೆ ತೂಕಡಿಸುತ್ತಿದ್ದವರು ಆಗ ಎದ್ದು ಕೂರುತ್ತಾರೆ, ಮುಂದೆ ಬೇರೆ ಪ್ರಶ್ನೆಯೇ ಬರುವುದಿಲ್ಲ. ಮಾತಿನಲ್ಲಿ, ಪತ್ರದಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಜಗಳದವು ಆಮೇಲೆ.

## ಮೊದಲ ಪ್ರಶ್ನೆಗಳು

ಕೋತಿನೇ ಯಾಕೆ ಬೇಕು? ಇಲಿ ಸಾಲದಾ?

ನೀವು ಈಗ ಈ ಸಾಲು ಓದುತ್ತಿರುವುದು ಕಣ್ಣಿನ ಹಿಂಭಾಗದ ಒಂದು ಪುಟ್ಟ ಜಾಗದಿಂದ. ಕಣ್ಣೊಳಗೆ ಬೆಳಕನ್ನು ಹಿಡಿಯುವ ಪದರಕ್ಕೆ ರೆಟಿನಾ ಅನ್ನುತ್ತಾರೆ. ಅದರ ನಡುವೆ ಇರುವ ಆ ಜಾಗಕ್ಕೆ ಮ್ಯಾಕ್ಯುಲಾ ಅಂತ ಹೆಸರು. ಮ್ಯಾಕ್ಯುಲಾದ ನಟ್ಟನಡುವೆ ಫೋವಿಯಾ ಎಂಬ ಗುಳಿ ಇದೆ. ಅಗಲ ಸುಮಾರು 1.5 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲಾ ಅದರ ಕೆಲಸವೇ.

ಸಸ್ತನಿಗಳಲ್ಲಿ ಈ ಮ್ಯಾಕ್ಯುಲಾ ಇರುವುದು ಮನುಷ್ಯ, ಚಿಂಪಾಂಜಿಯಂಥ ವಾನರ, ಕೋತಿಗಳ ಗುಂಪಿಗೆ ಮಾತ್ರ. ಇಲಿಗೆ ಇಲ್ಲ, ಮೊಲಕ್ಕೂ ಇಲ್ಲ. (ಹದ್ದಿಗೆ ಒಂದಲ್ಲ, ಒಂದೊಂದು ಕಣ್ಣಿಗೆ ಎರಡು ಫೋವಿಯಾ ಇವೆ. ಆದರೆ ಅದರ ಕಣ್ಣೂ ಮೆದುಳೂ ಬೇರೆಯದೇ ದಾರಿಯಲ್ಲಿ ಬೆಳೆದವು.) ವಯಸ್ಸಾದವರ ದೃಷ್ಟಿ ಕಸಿಯುವ ದೊಡ್ಡ ಕಾಯಿಲೆಯೊಂದು ಕೂರುವುದು ಈ ಮ್ಯಾಕ್ಯುಲಾದಲ್ಲೇ. ಆ ಜಾಗವೇ ಇಲ್ಲದ ಪ್ರಾಣಿಯಲ್ಲಿ ಅದರ ಕಾಯಿಲೆಯನ್ನು ಹೇಗೆ ನೋಡುವುದು?

ಇನ್ನೊಂದು ಕಾರಣ ಮೆದುಳು. ಇಲಿ ಲೋಕವನ್ನು ಮೂಗು, ಮೀಸೆಯಿಂದಲೇ ಜಾಸ್ತಿ ತಿಳಿಯುತ್ತದೆ. ಮಕಾಕ್ ಕೋತಿ ನಮ್ಮ ಹಾಗೆ ಕಣ್ಣನ್ನೇ ನಂಬಿ ಬದುಕುವ ಪ್ರಾಣಿ. ಅದರ ಮೆದುಳಿನ ಹೊರಪದರದ ಹೆಚ್ಚುಕಡಿಮೆ ಅರ್ಧ ಭಾಗ ನೋಡುವ ಕೆಲಸದಲ್ಲಿ ತೊಡಗಿರುತ್ತದೆ. ನಮ್ಮ ಹಾಗೆಯೇ ಅದರ ಕಣ್ಣಿನಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳೂ ಇವೆ.

ಹಾಗಂತ ಎಲ್ಲದಕ್ಕೂ ಕೋತಿ ಬೇಕಿಲ್ಲ. ಹುಟ್ಟಿನಿಂದಲೇ ದೃಷ್ಟಿ ಕೆಡಿಸುವ ಒಂದು ಜೀನ್ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ ಇದೆ. ಅದು ಕೆಲಸ ಮಾಡುತ್ತದೆ ಅಂತ ಮೊದಲು ತೋರಿಸಿಕೊಟ್ಟಿದ್ದು ನಾಯಿಗಳು.

ಕೋತಿ ಅಂದ್ರೆ ಯಾವ ಕೋತಿ? ಚಿಂಪಾಂಜಿನೂ ಬಳಸ್ತಾರಾ?

ಹೆಚ್ಚಾಗಿ ರೀಸಸ್ ಮಕಾಕ್, ಅಂದರೆ ಉತ್ತರ ಭಾರತದ ಕೋತಿ. ಜೊತೆಗೆ ಆಗ್ನೇಯ ಏಷ್ಯಾದ ಉದ್ದ ಬಾಲದ ಮಕಾಕ್. ಇತ್ತೀಚೆಗೆ ಬ್ರೆಜಿಲ್ ಮೂಲದ ಪುಟ್ಟ ಮಾರ್ಮೊಸೆಟ್ ಕೂಡ ಬಂದಿದೆ. ಚಿಂಪಾಂಜಿಗಳ ಕಾಲ ಮುಗಿಯಿತು ಅನ್ನಬಹುದು: ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ ಅವುಗಳ ಮೇಲಿನ ಸಂಶೋಧನೆಗೆ ತೆರೆ ಎಳೆಯಿತು. ಯುರೋಪಿನಲ್ಲೂ 2010ರ ಕಾನೂನು ಅದನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿದೆ.

ಕೋತಿಗಳನ್ನ ಕುರುಡು ಮಾಡ್ತಾರಂತೆ, ನಿಜಾನಾ?

ಕೆಲವು ಪ್ರಯೋಗಗಳಲ್ಲಿ ನಿಜ. ಸುಮ್ನೆ ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಮರಿ ಕೋತಿಯ ಒಂದು ಕಣ್ಣಿನ ರೆಪ್ಪೆ ಹೊಲಿದು ತಿಂಗಳುಗಟ್ಟಲೆ ಮುಚ್ಚಿದ್ದಾರೆ. ಲೇಸರ್‌ನಿಂದ ರೆಟಿನಾ ಸುಟ್ಟು ಕಾಯಿಲೆ ತರಿಸಿದ್ದಾರೆ. ಕಣ್ಣಿನ ಒತ್ತಡ ಏರಿಸಿ, ಕಣ್ಣಿನ ನರ ಕೆಡಿಸುವ ಗ್ಲುಕೋಮಾ ಬರಿಸಿದ್ದಾರೆ.

ಆದರೆ ಮೆದುಳಿನ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಬೇರೆ. ಅಲ್ಲಿನ ಕೋತಿಯ ಕಣ್ಣು ಚೆನ್ನಾಗಿಯೇ ಇರುತ್ತದೆ. ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿ ತಲೆಗೆ ಒಂದು ಲೋಹದ ಗೂಟ ಕೂರಿಸಿರುತ್ತಾರೆ, ಮೆದುಳಿನಲ್ಲಿ ಕೂದಲಿಗಿಂತ ಸಣ್ಣ ತಂತಿಗಳಿರುತ್ತವೆ. ತಲೆ ಅಲ್ಲಾಡದ ಹಾಗೆ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತದೆ, ಸರಿಯಾಗಿ ಮಾಡಿದರೆ ಒಂದು ಗುಟುಕು ಹಣ್ಣಿನ ರಸ. ಆ ರಸಕ್ಕೆ ಆಸೆ ಪಡಲಿ ಅಂತ ಉಳಿದ ಹೊತ್ತಿನಲ್ಲಿ ನೀರನ್ನು ಅಳೆದು ಕೊಡುವ ಪದ್ಧತಿ ಅನೇಕ ಕಡೆ ಇದೆ. ಮೆದುಳಿನ ಒಳಗೆ ನೋವಿನ ನರ ಇಲ್ಲ, ಹಾಗಾಗಿ ತಂತಿ ಚುಚ್ಚುವುದು ನೋಯುವುದಿಲ್ಲ. ವರ್ಷಗಟ್ಟಲೆ ಹೀಗೆ ಬದುಕುವುದು ಕಷ್ಟವೇ ಅಲ್ವಾ ಅಂತ ಕೇಳಿದರೆ, ಹೌದು, ಕಷ್ಟವೇ.

## ಇದರಿಂದ ಏನು ಸಿಕ್ಕಿತು

ಇದ್ರಿಂದ ಒಬ್ಬರಿಗಾದ್ರೂ ಕಣ್ಣು ಉಳಿದಿದೆಯಾ? ಒಂದು ಉದಾಹರಣೆ ಕೊಡಿ ಸಾರ್.

ನಿಮ್ಮ ಬೀದಿಯಲ್ಲೇ ಒಬ್ಬರು ಸಿಗಬಹುದು. ಸಕ್ಕರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ರೆಟಿನಾ ಕೆಟ್ಟು, "ಕಣ್ಣೊಳಗೆ ಇಂಜೆಕ್ಷನ್ ಹಾಕಿಸ್ಕೊಂಡೆ" ಅನ್ನುವವರು ಈಗ ಎಲ್ಲ ಊರಿನಲ್ಲೂ ಇದ್ದಾರೆ.

ವಯಸ್ಸಾದವರ ಮ್ಯಾಕ್ಯುಲಾ ಕಾಯಿಲೆಯ ಒಂದು ಬಗೆಯಲ್ಲಿ ರೆಟಿನಾದ ಕೆಳಗೆ ಕಳೆಯ ಹಾಗೆ ರಕ್ತನಾಳ ಹಬ್ಬುತ್ತವೆ. ಅವು ಸೋರಿ ಮ್ಯಾಕ್ಯುಲಾವನ್ನು ಹಾಳು ಮಾಡುತ್ತವೆ. ನಾಳ ಬೆಳೆಯಲು ಯಾವುದೋ ರಸಾಯನ ಕುಮ್ಮಕ್ಕು ಕೊಡುತ್ತಿದೆ ಎಂಬ ಗುಮಾನಿ 1940ರ ದಶಕದಿಂದಲೇ ಇತ್ತು. 1989ರಲ್ಲಿ ಜೆನೆನ್‌ಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ ವಿಇಜಿಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಕಣ್ಣಿನಲ್ಲಿ ಕಿತಾಪತಿ ಮಾಡುವುದು ಅದೇನಾ? ಬಾಸ್ಟನ್‌ನಲ್ಲಿ ಜೋನ್ ಮಿಲ್ಲರ್, ಆಂಥನಿ ಅಡಾಮಿಸ್ ಮತ್ತು ಜೊತೆಯವರು ಕೋತಿಗಳ ರೆಟಿನಾದ ರಕ್ತನಾಳವನ್ನು ಲೇಸರ್‌ನಿಂದ ಮುಚ್ಚಿ ನೋಡಿದರು. ಕಣ್ಣಿನಲ್ಲಿ ವಿಇಜಿಎಫ್ ಏರಿದ ಹಾಗೆಲ್ಲ ಹೊಸ ನಾಳಗಳು ಹುಟ್ಟಿದವು. 1996ರಲ್ಲಿ ವಿಇಜಿಎಫ್ ಅನ್ನು ಹಿಡಿದು ತಡೆಯುವ ಪ್ರತಿಕಾಯ ಎಂಬ ಪ್ರೋಟೀನ್ ಕೊಟ್ಟಾಗ ನಾಳ ಹುಟ್ಟಲಿಲ್ಲ.

ಅದೇ ಎಳೆ ಹಿಡಿದು ಬಂದ ರಾನಿಬಿಜುಮಾಬ್ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಈ ಕಾಯಿಲೆಯಲ್ಲಿ ದೃಷ್ಟಿ ಇಳಿಯುವ ವೇಗ ತಗ್ಗಿಸಿದರೆ ಅದೇ ದೊಡ್ಡದು. ಇದನ್ನು ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಚಾರ್ಟಿನಲ್ಲಿ 15 ಅಕ್ಷರ ಜಾಸ್ತಿ ಓದಿದರು.

ನಮ್ಮಮ್ಮ ರಾತ್ರಿ ಹಾಕ್ಕೊಳ್ಳೋ ಗ್ಲುಕೋಮಾ ಡ್ರಾಪ್ಸ್‌ಗೂ ಕೋತಿಗೂ ಏನು ಸಂಬಂಧ?

ಅದು ಲಾಟಾನೋಪ್ರಾಸ್ಟ್ ಆಗಿದ್ದರೆ ಹತ್ತಿರದ ಸಂಬಂಧ. ಪ್ರೊಸ್ಟಾಗ್ಲಾಂಡಿನ್ ಎಂಬ ರಸಾಯನಗಳು ಕಣ್ಣಿನ ಒತ್ತಡ ಏರಿಸುತ್ತವೆ ಅಂತಲೇ ಬಹಳ ಕಾಲ ನಂಬಿದ್ದರು. ಮೊಲದ ಕಣ್ಣಿನಲ್ಲಿ ಹಾಗೆಯೇ ಕಂಡಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೋ ಬಿಟೋ ಬೆಕ್ಕು, ಕೋತಿಗಳಲ್ಲಿ ನೋಡಿ, ಸ್ವಲ್ಪವೇ ಕೊಟ್ಟರೆ ಒತ್ತಡ ಇಳಿಯುತ್ತದೆ ಅಂತ ತೋರಿಸಿದರು. 1996ರಲ್ಲಿ ಔಷಧಿ ಮಾರುಕಟ್ಟೆಗೆ ಬಂತು. ಕೋತಿಯ ಕಣ್ಣಿನ ಪಾಪೆಯ ಸುತ್ತಲ ಬಣ್ಣ ಗಾಢವಾಗುವುದನ್ನೂ ಲ್ಯಾಬಿನಲ್ಲಿ ಗಮನಿಸಿದ್ದರು. ಮನುಷ್ಯರಿಗೂ ಹಾಗೇ ಆಯಿತು. ನಮ್ಮ ಕಣ್ಣು ಮೊದಲೇ ಕಪ್ಪು, ಕಂದು. ಹಾಗಾಗಿ ನಮ್ಮಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ರೆಪ್ಪೆಗೂದಲು ಉದ್ದವಾಗಿದ್ದು ಮಾತ್ರ ಸೊಸೆಯಂದಿರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಮಗುವಿನ ಒಳ್ಳೆ ಕಣ್ಣಿಗೇ ಪಟ್ಟಿ ಕಟ್ಟಿ ಅಂತಾರೆ. ಇದನ್ನೂ ಕೋತಿಯಿಂದ ಕಲಿತಿದ್ದಾ?

ಮಂದವಾದ ಕಣ್ಣು ಕೆಲಸ ಮಾಡಲಿ ಅಂತ ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟುವುದು ಹಳೇ ವಿದ್ಯೆ. ಫ್ರಾನ್ಸಿನ ಬಫೋನ್ 1743ರಲ್ಲೇ ಹೇಳಿದ್ದ. ಬೇಗ ಕಟ್ಟಬೇಕು ಎಂಬುದರ ಹಿಂದಿನ ಕಾರಣ ಮಾತ್ರ ಬೆಕ್ಕು, ಕೋತಿಗಳಿಂದ ಗೊತ್ತಾಯಿತು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ, ಆಮೇಲೆ ಕೋತಿ ಮರಿಗಳ ಒಂದು ಕಣ್ಣು ಮುಚ್ಚಿದರು. ತಿಂಗಳುಗಳ ನಂತರ ತೆರೆದರೆ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಮರಿಗೆ ಅದರಿಂದ ಕಾಣುತ್ತಿರಲಿಲ್ಲ. ಮೆದುಳಿನಲ್ಲಿ ಆ ಕಣ್ಣಿಗೆ ಸೇರಬೇಕಾದ ಜಾಗವನ್ನು ಇನ್ನೊಂದು ಕಣ್ಣು ಒತ್ತುವರಿ ಮಾಡಿಕೊಂಡಿತ್ತು. ದೊಡ್ಡ ಪ್ರಾಣಿಗೆ ಇದನ್ನೇ ಮಾಡಿದರೆ ಏನೂ ಆಗಲಿಲ್ಲ. ಎಳವೆಯಲ್ಲಿ ಮಾತ್ರ ತೆರೆದಿರುವ ಒಂದು ಗಡುವು ಇದೆ ಅಂತಾಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹುಟ್ಟುವಾಗಲೇ ಪೊರೆ ಇರುವ ಮಗುವಿಗೆ "ದೊಡ್ಡದಾಗಲಿ, ಆಮೇಲೆ ನೋಡೋಣ" ಅನ್ನುತ್ತಿದ್ದ ಕಾಲ ಇತ್ತು. ಈಗ ಮೊದಲ ವಾರಗಳಲ್ಲೇ ಆಪರೇಷನ್‌ಗೆ ಓಡುತ್ತಾರೆ. ನನ್ನ ಲೆಕ್ಕದಲ್ಲಿ ಕೋತಿಗಳಿಂದ ಬಂದ ಎಲ್ಲಕ್ಕಿಂತ ದೊಡ್ಡ ಲಾಭ ಇದು. ಇದಕ್ಕೆ ಔಷಧಿ ಬೇಡ, ಕಂಪನಿ ಬೇಡ, ತಿಳಿದಿದ್ದರೆ ಸಾಕು.

ಆ ಗಡುವು ಅಷ್ಟೊಂದು ಬಿಗಿಯಾ? ಅದಕ್ಕೆ ನಮ್ಮ ದೇಶದಿಂದಲೇ ಒಂದಿಷ್ಟು ಉತ್ತರ ಬಂತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಶುರು ಮಾಡಿದ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ, ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟು ಪೊರೆಯಿಂದ ಕಾಣದೇ ಇದ್ದ ಮಕ್ಕಳಿಗೆ ತಡವಾಗಿ ಆಪರೇಷನ್ ಮಾಡಿಸಿದರು. ದೃಷ್ಟಿ ಪೂರ್ತಿ ಚೂಪಾಗಲಿಲ್ಲ. ಆದರೂ ಎಷ್ಟೋ ಮಕ್ಕಳು ನೋಡುವುದನ್ನು ಕಲಿತರು. ಹತ್ತು ವರ್ಷ ದಾಟಿದ ಮಗುವಿಗೆ ಇನ್ನು ಪ್ರಯೋಜನವಿಲ್ಲ ಅಂತ ಕೈಬಿಡಬೇಡಿ.

ಮಕ್ಕಳ ಮೈನಸ್ ನಂಬರ್ ತಡೆಯೋ ಲೆನ್ಸ್ ಬಂದಿದೆಯಂತೆ?

ಬಂದಿದೆ. ಇದರಲ್ಲೂ ಕೋತಿಯ ಪಾಲಿದೆ. ವೀಸೆಲ್ ಮತ್ತು ರವಿಯೋಲಾ 1977ರಲ್ಲಿ, ರೆಪ್ಪೆ ಹೊಲಿದ ಕೋತಿ ಮರಿಗಳ ಕಣ್ಣುಗುಡ್ಡೆ ಉದ್ದವಾಗಿ ಮೈನಸ್ ಬರುವುದನ್ನು ಕಂಡರು. ಆಮೇಲೆ ಹ್ಯೂಸ್ಟನ್‌ನ ಅರ್ಲ್ ಸ್ಮಿತ್, ನೋಟದ ಅಂಚು ಮಸುಕಾಗಿದ್ದರೂ ಕಣ್ಣು ಬೆಳೆಯುತ್ತದೆ ಅಂತ ಕೋತಿಗಳಲ್ಲಿ ತೋರಿಸಿದರು. ಈಗಿನ ವಿಶೇಷ ಲೆನ್ಸ್‌ಗಳ ಲೆಕ್ಕಾಚಾರದ ಹಿಂದೆ ಆ ಕೆಲಸ ಇದೆ. ಮಗುವನ್ನು ಬಿಸಿಲಿನ ಹೊತ್ತಿನಲ್ಲಿ ಹೊರಗೆ ಆಡಲು ಕಳಿಸಿ, ಅದು ಪುಕ್ಕಟೆ.

ಕೋತಿಯ ಬಣ್ಣಗುರುಡು ವಾಸಿ ಮಾಡಿದ್ರಂತೆ. ನನ್ನ ಮಗನಿಗೆ ಯಾವಾಗ?

ಡಾಲ್ಟನ್ ಮತ್ತು ಸ್ಯಾಮ್ ಎಂಬ ಎರಡು ಗಂಡು ಅಳಿಲು ಕೋತಿಗಳ ಕಥೆ ಅದು. ಈ ಜಾತಿಯ ಗಂಡುಗಳೆಲ್ಲ ಕೆಂಪು ಹಸಿರು ಬೇರೆ ಮಾಡಲಾರವು. ಜೇ ಮತ್ತು ಮೌರೀನ್ ನೈಟ್ಸ್ ದಂಪತಿಯ ತಂಡ, ಇಲ್ಲದ ಜೀನನ್ನು ವೈರಸ್ ಮೂಲಕ ಅವುಗಳ ರೆಟಿನಾಗೆ ಸೇರಿಸಿತು. ಸುಮಾರು 20 ವಾರ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲಿನ ಕೆಂಪು ಹಸಿರು ಚುಕ್ಕೆಗಳನ್ನು ಅವು ಮುಟ್ಟಿ ತೋರಿಸತೊಡಗಿದವು. 2009ರಲ್ಲಿ ಇದು ಪ್ರಕಟವಾಯಿತು. ಬೆಳೆದ ಪ್ರಾಣಿಯ ಮೆದುಳು ಹೊಸ ಬಣ್ಣವನ್ನು ಬಳಸಿಕೊಳ್ಳುತ್ತದೆ ಎಂಬುದೇ ಅಚ್ಚರಿ.

ಮನುಷ್ಯರ ಕೆಂಪು ಹಸಿರು ಬಣ್ಣಗುರುಡಿಗೆ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಇನ್ನೂ ಇಲ್ಲ. ರೆಟಿನಾದ ಕೆಳಗೆ ಸೂಜಿ ಹಾಕುವುದು ಸಣ್ಣ ವಿಷಯವಲ್ಲ, ಮಗನ ದೃಷ್ಟಿ ಉಳಿದಂತೆ ಚೆನ್ನಾಗಿಯೇ ಇದೆ. ನನ್ನ ಮಗನಾಗಿದ್ದರೆ ನಾನು ಅವಸರ ಪಡುತ್ತಿರಲಿಲ್ಲ.

ಮೆದುಳಿಗೆ ಚಿಪ್ ಹಾಕಿದ್ರೆ ಕಾಣುತ್ತಾ?

ಬೆಳಕಿನ ಚುಕ್ಕೆ ಕಾಣಬಹುದು. 1968ರಲ್ಲೇ ಇಂಗ್ಲೆಂಡಿನ ಜೈಲ್ಸ್ ಬ್ರಿಂಡ್ಲೆ ಒಬ್ಬ ಅಂಧ ಮಹಿಳೆಯ ಮೆದುಳಿನ ಮೇಲೆ ವಿದ್ಯುತ್ ತಂತಿಗಳನ್ನು ಇಟ್ಟು ಚುಕ್ಕೆ ಕಾಣಿಸಿದ್ದರು. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪೀಟರ್ ರೂಲ್ಫ್ಸೆಮಾ ತಂಡ ಎರಡು ಮಕಾಕ್‌ಗಳ ಮೆದುಳಿನಲ್ಲಿ ತಲಾ 1,024 ತಂತಿಗಳನ್ನು ಇಟ್ಟಿತು. ಕಣ್ಣಿನಿಂದ ನೋಡದೆಯೇ, ಚುಕ್ಕೆಗಳಿಂದಾದ ಅಕ್ಷರಗಳನ್ನು ಅವು ಗುರುತಿಸಿದವು. ಮರುವರ್ಷ ಸ್ಪೇನಿನಲ್ಲಿ 16 ವರ್ಷದಿಂದ ಕಾಣದಿದ್ದ ಮಹಿಳೆಯೊಬ್ಬರು 96 ತಂತಿಗಳ ಚಿಪ್ಪಿನಿಂದ ಕೆಲವು ಅಕ್ಷರ ಗುರುತಿಸಿದ ವರದಿ ಬಂತು.

ಆಸೆ ಇಟ್ಟುಕೊಳ್ಳಿ, ಆದರೆ ಮನೆ ಮಾರಬೇಡಿ. ಆರ್ಗಸ್ 2 ಎಂಬ ರೆಟಿನಾ ಚಿಪ್ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆಯಿತು. 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಲೋಕದಾದ್ಯಂತ 350ಕ್ಕೂ ಜಾಸ್ತಿ ಜನ, ರಿಪೇರಿ ಮಾಡುವವರಿಲ್ಲದ ಯಂತ್ರವನ್ನು ಕಣ್ಣಿನಲ್ಲಿ ಇಟ್ಟುಕೊಂಡು ಕೂತರು.

ಮೆದುಳಿನ ನೋಡುವ ಭಾಗವೇ ಹೋದ್ರೆ ಮುಗೀತಾ?

ಇದಕ್ಕೆ ಉತ್ತರ ಹೆಲೆನ್. ಕೇಂಬ್ರಿಜ್‌ನಲ್ಲಿ 1965ರಲ್ಲಿ ಲ್ಯಾರಿ ವೈಸ್‌ಕ್ರಾಂಟ್ಸ್ ತಂಡ ಈ ಕೋತಿಯ ಮೆದುಳಿನ ಮುಖ್ಯ ದೃಷ್ಟಿಭಾಗವನ್ನು ತೆಗೆದುಹಾಕಿತು. ಅವಳು ಕುರುಡಿ ಅಂತಲೇ ಎಲ್ಲರೂ ತಿಳಿದರು. ನಿಕೋಲಸ್ ಹಂಫ್ರಿ ಎಂಬ ಹುಡುಗ ವಿದ್ಯಾರ್ಥಿ ಅವಳ ಪಂಜರದ ಮುಂದೆ ಕೂತು ಹಣ್ಣಿನ ಚೂರು ಆಡಿಸುತ್ತಾ ಆಟವಾಡಿದ. ಅವಳು ಅದರ ಕಡೆ ತಿರುಗಿದಳು, ಆಮೇಲೆ ಕೈ ಚಾಚಿದಳು. ಮುಂದೆ ಅವಳನ್ನು ಹಗ್ಗ ಹಿಡಿದು ಹೊಲದ ಕಡೆ ತಿರುಗಾಡಿಸಲು ಕರೆದೊಯ್ದ. ವರ್ಷಗಳು ಕಳೆದ ಮೇಲೆ ಅವಳು ಸಾಮಾನುಗಳ ನಡುವೆ ತಾಗದೆ ಓಡಾಡಿ, ನೆಲದ ಮೇಲಿನ ಚೂರುಗಳನ್ನು ಆರಿಸುತ್ತಿದ್ದಳು.

1974ರಲ್ಲಿ ವೈಸ್‌ಕ್ರಾಂಟ್ಸ್ ಇದೇ ಗುಣವನ್ನು ಒಬ್ಬ ಮನುಷ್ಯ ರೋಗಿಯಲ್ಲಿ ಕಂಡರು. "ಏನೂ ಕಾಣಲ್ಲ" ಅನ್ನುತ್ತಲೇ ಬೆಳಕು ಇರುವ ಕಡೆ ಸರಿಯಾಗಿ ಬೊಟ್ಟು ಮಾಡುತ್ತಿದ್ದ. ನನಗೆ ಹೆಲೆನ್‌ಳ ಕಥೆಯಲ್ಲಿ ಕಾಡುವುದು ಇದು: ಅವಳ ದೃಷ್ಟಿ ಕಿತ್ತುಕೊಂಡವರೂ ಅದನ್ನು ಮರಳಿ ಕೊಡಲು ಏಳು ವರ್ಷ ಜೊತೆಗಿದ್ದವನೂ ಒಂದೇ ಲ್ಯಾಬಿನಿಂದ ಬಂದವರು.

## ಜಗಳದ ಪ್ರಶ್ನೆಗಳು

ಎಲ್ಲಾ ಪ್ರಯೋಗನೂ ಅಷ್ಟು ಅಗತ್ಯವಾಗಿತ್ತಾ?

ಇಲ್ಲ. ಕೋತಿ ಪ್ರಯೋಗ ಬೇಕಾ ಬೇಡವಾ ಅಂತ ಸಗಟು ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಪ್ರಯೋಗ, ಯಾವ ಸಂದೇಹಕ್ಕೆ, ಬೇರೆ ದಾರಿ ಇತ್ತಾ ಅಂತ ಒಂದೊಂದಾಗಿ ಕೇಳಿದರೆ ಹೇಳಬಲ್ಲೆ.

ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಒಂದು ಮಕಾಕ್ ಮರಿಯನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ, ರೆಪ್ಪೆ ಹೊಲಿದು, ತಲೆಗೆ ಶಬ್ದದಿಂದ ದಾರಿ ತೋರುವ ಯಂತ್ರ ಕಟ್ಟಿದ್ದರು. ಅಂಧ ಮಕ್ಕಳಿಗೆ ಅಂಥ ಯಂತ್ರ ಉಪಯೋಗವಾಗುತ್ತದಾ ಅಂತ ನೋಡುವುದು ಉದ್ದೇಶ. ಪ್ರಾಣಿ ಹಕ್ಕಿನ ಗುಂಪೊಂದು ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ನುಗ್ಗಿ ಮರಿಯನ್ನು ಹೊತ್ತೊಯ್ದಿತು. ಬ್ರಿಚಸ್ ಎಂಬ ಆ ಮರಿಯ ಚಿತ್ರ ಜಗತ್ತೆಲ್ಲ ಹರಡಿತು. ಕಳ್ಳತನವನ್ನು ನಾನು ಒಪ್ಪುವುದಿಲ್ಲ. ಆದರೆ ಅಂಧ ಮಕ್ಕಳು ಲೋಕದಲ್ಲಿ ಇದ್ದೇ ಇದ್ದರಲ್ಲ. ಹೆತ್ತವರನ್ನು ಕೇಳಿ, ಯಂತ್ರವನ್ನು ಆ ಮಕ್ಕಳ ಕೈಗೇ ಕೊಟ್ಟು ನೋಡಬಹುದಿತ್ತು.

ಹಾರ್ವರ್ಡ್‌ನ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ಕೆಲಸ ಇನ್ನೂ ತೊಡಕಿನದು. ಮುಖವನ್ನೇ ನೋಡದೆ ಬೆಳೆದ ಕೋತಿ ಮರಿಗಳ ಮೆದುಳಿನಲ್ಲಿ ಮುಖ ಗುರುತಿಸುವ ಭಾಗ ಮೂಡುವುದಿಲ್ಲ ಅಂತ ಅವರ ತಂಡ 2017ರಲ್ಲಿ ತೋರಿಸಿತು. ತಿಳಿವಳಿಕೆಯಾಗಿ ಅದು ದೊಡ್ಡದು. 2022ರಲ್ಲಿ ಅವರು, ಮರಿ ಕಳೆದುಕೊಂಡ ತಾಯಿ ಕೋತಿಗಳು ಮೆತ್ತನೆ ಗೊಂಬೆಯನ್ನು ತಬ್ಬಿಕೊಳ್ಳುವ ಬಗ್ಗೆ ಬರೆದಾಗ 250ಕ್ಕೂ ಹೆಚ್ಚು ವಿಜ್ಞಾನಿಗಳು ಆ ಬರಹವನ್ನು ಹಿಂತೆಗೆಯಿರಿ ಅಂತ ಪತ್ರಿಕೆಗೆ ಬರೆದರು. ಆ ವಿವರ ಓದಿದಾಗ ನಾನೂ ಪುಟ ಮುಚ್ಚಿಟ್ಟೆ.

ನಮ್ಮ ಬೆಂಗಳೂರಲ್ಲೂ ಮಾಡ್ತಾರಾ?

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೋತಿಗಳ ಜೊತೆ ದೃಷ್ಟಿಯ ಅಧ್ಯಯನ ನಡೆಯುತ್ತದೆ. ಅಲ್ಲಿನ ಎಸ್.ಪಿ. ಅರುಣ್ ತಂಡ 2021ರಲ್ಲಿ ಪ್ರಕಟಿಸಿದ ಕೆಲಸ ನನಗೆ ಇಷ್ಟವಾಯಿತು. ಕೋತಿಗಳು ನಮ್ಮ ಚಾಮುಂಡಿ ಬೆಟ್ಟದಲ್ಲಿ ಕಾಣುವ ಜಾತಿಯವೇ, ತಲೆ ಮೇಲೆ ಟೋಪಿಯಂಥ ಕೂದಲಿನವು. ಅಲ್ಲಿ ತಲೆಯನ್ನು ಕುರ್ಚಿಗೆ ಬಿಗಿಯುವುದಿಲ್ಲ. ಗುಂಪಾಗಿ ಓಡಾಡಿಕೊಂಡಿರುತ್ತವೆ, ಮನಸ್ಸಾದಾಗ ಬಂದು ಮೂತಿಗೆ ಸರಿಹೊಂದುವ ಆಧಾರದಲ್ಲಿ ಗಲ್ಲ ಇಟ್ಟು ಪರದೆ ಮುಟ್ಟಿ ರಸ ಕುಡಿಯುತ್ತವೆ. ಅಷ್ಟರಲ್ಲೇ ಕ್ಯಾಮೆರಾ ಕಣ್ಣಿನ ಚಲನೆಯನ್ನು ಹಿಡಿಯುತ್ತದೆ. ಏನೂ ಗೊತ್ತಿಲ್ಲದ ಒಂದು ಕೋತಿ, ಪಳಗಿದ ಕೋತಿಗಳನ್ನು ನೋಡಿ ನೋಡಿಯೇ ಕೆಲಸ ಕಲಿತುಬಿಟ್ಟಿತು!

ಕಾನೂನು ಏನು ಹೇಳುತ್ತದೆ? ಸಣ್ಣ ಪ್ರಾಣಿಯಿಂದ ಅದೇ ಫಲ ಸಿಗುವಂತಿದ್ದರೆ ದೊಡ್ಡ ಪ್ರಾಣಿಯನ್ನು ಬಳಸಬಾರದು ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿಯೇ ಇದೆ. ಕೋತಿ ಅಂದರೆ ಸಂಸ್ಥೆಯ ಸಮಿತಿಯ ಒಪ್ಪಿಗೆ ಸಾಲದು, ಕೇಂದ್ರದ ಸಮಿತಿಯೂ ಒಪ್ಪಬೇಕು. ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆಯ ಹೊಣೆಯೂ ಸಂಶೋಧಕರದೇ.

ಹಿಂದೆ ನಮ್ಮ ದೇಶದ ಕೋತಿಗಳನ್ನ ಹಡಗಲ್ಲಿ ಕಳಿಸ್ತಿದ್ರಂತೆ?

ಹೌದು. 1950ರ ದಶಕದಲ್ಲಿ ಪೋಲಿಯೊ ಲಸಿಕೆಯ ಕೆಲಸಕ್ಕೆ ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ರೀಸಸ್ ಕೋತಿಗಳು ಹೋದವು. ಅಮೆರಿಕ ಅವನ್ನು ಸೈನ್ಯದ ವಿಕಿರಣ ಪ್ರಯೋಗಕ್ಕೆ ಬಳಸಿದ ಸುದ್ದಿ ಬಂದು ಗಲಾಟೆಯಾಯಿತು. ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತು ನಿಲ್ಲಿಸಿತು.

ಕಂಪ್ಯೂಟರ್, ಸ್ಟೆಮ್ ಸೆಲ್ ಎಲ್ಲಾ ಬಂದಿದೆಯಲ್ಲ, ಇನ್ನೂ ಕೋತಿ ಯಾಕೆ?

ಒಂದಿಷ್ಟು ಕಡೆ ಕೋತಿ ಆಗಲೇ ಬೇಡವಾಗಿದೆ. ಲ್ಯಾಬಿನ ತಟ್ಟೆಯಲ್ಲಿ ಮನುಷ್ಯ ಕೋಶದಿಂದ ಪುಟ್ಟ ರೆಟಿನಾ ಬೆಳೆಸುತ್ತಾರೆ, ಅದು ಬೆಳಕಿಗೆ ಸ್ಪಂದಿಸುತ್ತದೆ ಕೂಡ. ಔಷಧಿಗೆ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಮಾತನ್ನು ಅಮೆರಿಕ 2022ರ ಕಾನೂನಿನಲ್ಲಿ ಕೈಬಿಟ್ಟಿತು. ಆದರೆ ತಟ್ಟೆಯ ರೆಟಿನಾಗೆ ಹರಿಯುವ ರಕ್ತ ಇಲ್ಲ, ಹಿಂದೆ ಮೆದುಳೂ ಇಲ್ಲ. ಮೆದುಳಿನ ಚಿಪ್ ಹತ್ತು ವರ್ಷ ಬಾಳುತ್ತದಾ ಅಂತ ಅದನ್ನು ಕೇಳಲು ಆಗುವುದಿಲ್ಲ. ಹುಟ್ಟಿನಿಂದಲೇ ಕಣ್ಣಿನ ದೋಷ ಇರುವ ಕೋತಿಗಳನ್ನು ಹುಡುಕುವುದು ಇನ್ನೊಂದು ದಾರಿ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅಂಥ ನಾಲ್ಕು ರೀಸಸ್‌ಗಳು ಸಿಕ್ಕಿದ್ದು 2019ರಲ್ಲಿ ಪ್ರಕಟವಾಯಿತು. ಅವುಗಳಿಗೆ ಕಾಯಿಲೆ ಬರಿಸುವ ಪಾಪ ಇಲ್ಲ.

ಕೋತಿಯಲ್ಲಿ ಕಂಡಿದ್ದು ಮನುಷ್ಯರಲ್ಲೂ ನಿಜ ಆಗುತ್ತಾ?

ಯಾವಾಗಲೂ ಇಲ್ಲ. ಮೇಲೆ ಹೇಳಿದ ಇಂಜೆಕ್ಷನ್ ಕಥೆಯಲ್ಲೇ ಒಂದು ತಿರುವು ಇದೆ. 1999ರಲ್ಲಿ ಬಂದ ಒಂದು ಕೋತಿ ಅಧ್ಯಯನ, ಪೂರ್ತಿ ಗಾತ್ರದ ಪ್ರತಿಕಾಯ ರೆಟಿನಾದೊಳಗೆ ಇಳಿಯುವುದಿಲ್ಲ, ಪ್ರತಿಕಾಯದ ಸಣ್ಣ ತುಂಡು ಮಾತ್ರ ಇಳಿಯುತ್ತದೆ ಅಂದಿತು. ಹಾಗಾಗಿ ಕಂಪನಿ ತುಂಡನ್ನೇ ಔಷಧಿ ಮಾಡಿತು, ಅದೇ ದುಬಾರಿ ರಾನಿಬಿಜುಮಾಬ್. 2005ರಲ್ಲಿ ಫ್ಲಾರಿಡಾದ ಫಿಲಿಪ್ ರೋಸೆನ್‌ಫೆಲ್ಡ್, ಪೂರ್ತಿ ಗಾತ್ರದ್ದೇ ಆದ, ಕರುಳಿನ ಕ್ಯಾನ್ಸರಿಗಿದ್ದ ಬೆವಾಸಿಜುಮಾಬನ್ನು ರೋಗಿಯ ಕಣ್ಣಿಗೆ ಹಾಕಿ ನೋಡಿದರು. ಕೆಲಸ ಮಾಡಿತು. 2011ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದು ದೃಷ್ಟಿಯ ಮಟ್ಟಿಗೆ ಎರಡೂ ಸಮ ಅಂದಿತು. ನಮ್ಮಲ್ಲಿ ಬಡವರ ಕಣ್ಣು ಉಳಿಸುತ್ತಿರುವುದು ಜಾಸ್ತಿ ಈ ಅಗ್ಗದ್ದೇ. ಕೋತಿಯನ್ನೇ ಪೂರ್ತಿ ನಂಬಿದ್ದರೆ ಅದು ಸಿಗುತ್ತಿರಲಿಲ್ಲ.

ನಾವು ಆಂಜನೇಯನ ಒಕ್ಕಲು. ಕೋತಿಗೆ ಹಿಂಸೆ ಕೊಟ್ಟು ಬಂದ ಇಂಜೆಕ್ಷನ್ ಬೇಡ ಅಂದ್ರೆ ಆಗುತ್ತಾ?

ಇದನ್ನು ಕೇಳಿದವರು ಎಪ್ಪತ್ತು ದಾಟಿದ ಒಬ್ಬ ಯಜಮಾನರು. ನಾನು ನಗಲಿಲ್ಲ. ಬೇಡ ಅನ್ನುವ ಹಕ್ಕು ನಿಮ್ಮದು ಅಂದೆ. ಆದರೆ ಈ ಕಾಯಿಲೆ ಕಾಯುವುದಿಲ್ಲ, ಕೆಲವೇ ತಿಂಗಳಲ್ಲಿ ನಡುವಿನ ನೋಟ ಹೋಗಿಬಿಡಬಹುದು, ಹೋದದ್ದು ಬಹುಮಟ್ಟಿಗೆ ಮರಳುವುದಿಲ್ಲ ಅಂತಲೂ ಹೇಳಿದೆ. ಬೇಡ ಅನ್ನುವುದಾದರೆ ಗ್ಲುಕೋಮಾ ಡ್ರಾಪ್ಸ್, ಪೋಲಿಯೊ ಹನಿ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಅವರು ಎರಡು ದಿನ ಬಿಟ್ಟು ಫೋನ್ ಮಾಡಿದರು. ಇಂಜೆಕ್ಷನ್ ಹಾಕಿಸಿಕೊಂಡು ಬೆಟ್ಟಕ್ಕೆ ಹೋಗಿ ಕೋತಿಗಳಿಗೆ ಒಂದು ಗೊನೆ ಬಾಳೆಹಣ್ಣು ಹಾಕುತ್ತೇನೆ, ಲೆಕ್ಕ ಸರಿ ಹೋಗುತ್ತಲ್ವಾ ಅಂದರು. ಹಣ್ಣು ಹಾಕಿದರೆ ಅವು ರಸ್ತೆಗೆ ಇಳಿದು ಗಾಡಿಗೆ ಸಿಗುತ್ತವೆ, ಅದು ಬೇಡ ಅಂದೆ. "ಹಂಗಾದ್ರೆ ಏನ್ ಮಾಡ್ಲಿ ಹೇಳಿ" ಅಂದರು. ಮೊದಲು ನಾಳೆ ಆಸ್ಪತ್ರೆಗೆ ಹೋಗಿ ಅಂದೆ. ಹೋದರು.